ಮೆಲ್ಬರ್ನ್‌ಗೆ ರಾಗಿಕಲ್ಲು ಹೋಗುತ್ತದೆ, ಮಾವಿನ ಪೆಟ್ಟಿಗೆ ಹೋಗುವುದಿಲ್ಲ

ಪ್ರಶ್ನೆ: ನಾನು ಕೋಲಾರದ ನಿವೃತ್ತ ಶಾಲಾ ಶಿಕ್ಷಕಿ. ಮಗಳು, ಅಳಿಯ ಇನ್ನೆರಡು ತಿಂಗಳಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿ ನೆಲೆಸುವವರಿದ್ದಾರೆ. ಮನೆ ಸಾಮಾನನ್ನು ಹಡಗಿನಲ್ಲಿ, ಬೇರೆಯವರೊಂದಿಗೆ ಹಂಚಿಕೊಂಡ ಕಂಟೇನರಿನಲ್ಲಿ ಕಳುಹಿಸುವುದೆಂದು ನಿಶ್ಚಯವಾಗಿದೆ. ಪಾತ್ರೆ, ಬಟ್ಟೆ, ಪುಸ್ತಕಗಳ ಜೊತೆಗೆ ಮಗಳ ವೀಣೆ, ನಮ್ಮತ್ತೆಯವರ ಕಾಲದ ರಾಗಿಕಲ್ಲು, ಹಲಸಿನ ಮರದ ಮಣೆಗಳು, ಬಿದಿರಿನ ಮೊರ, ಮದುವೆ ಸೀರೆಗಳು, ನೂರು ವರ್ಷದ್ದೆಂದು ಹೇಳುವ ಹಿತ್ತಾಳೆಯ ದೀಪದ ಕಂಬ, ದೇವರ ಮನೆಯ ಸಾಮಾನು, ಒಂದಿಷ್ಟು ಹುಣಸೆಹಣ್ಣು, ರಾಗಿಹಿಟ್ಟು, ಸಾರಿನ ಪುಡಿ ಕಳುಹಿಸುವ ಆಸೆ ನನ್ನದು. ನಮ್ಮ ಯಜಮಾನರು ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಗಟ್ಟಿಮುಟ್ಟಾದ ರಟ್ಟಿನ ಪೆಟ್ಟಿಗೆಗಳನ್ನು ತಂದಿಟ್ಟಿದ್ದಾರೆ. ಅಲ್ಲಿನ ಕ್ವಾರಂಟೈನ್ ತಪಾಸಣೆಯಲ್ಲಿ ಏನೇನನ್ನು ತಡೆಯುತ್ತಾರೆ? ಇಲ್ಲೇ ಎಲ್ಲಕ್ಕೂ ಒಟ್ಟಿಗೆ ಫ್ಯೂಮಿಗೇಶನ್, ಅಂದರೆ ಹುಳು ಕೊಲ್ಲುವ ಅನಿಲದ ಉಪಚಾರ, ಮಾಡಿಸಿಬಿಟ್ಟರೆ ಸಾಲದೇ?

ಉತ್ತರ: ಟೀಚರಮ್ಮನವರೇ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಭಯ ಹುಟ್ಟಿಸಿದ್ದು ರಾಗಿಕಲ್ಲೂ ಅಲ್ಲ, ಮೊರವೂ ಅಲ್ಲ, ಯಜಮಾನರು ತಂದಿಟ್ಟಿರುವ ಪೆಟ್ಟಿಗೆಗಳು. ಅವರ ಮನಸ್ಸು ಒಳ್ಳೆಯದೇ. ಮಾವಿನ ಪೆಟ್ಟಿಗೆ ಗಟ್ಟಿಯಾಗಿರುತ್ತದೆ, ಪುಕ್ಕಟೆ ಸಿಗುತ್ತದೆ. ಆದರೆ ಹಣ್ಣು, ತರಕಾರಿ, ಮೊಟ್ಟೆ, ಮಾಂಸ ತುಂಬಿದ್ದ ಪೆಟ್ಟಿಗೆಗಳಲ್ಲಿ ಮನೆ ಸಾಮಾನು ತುಂಬಬೇಡಿ ಎಂದು ಆಸ್ಟ್ರೇಲಿಯಾದವರು ಸ್ಪಷ್ಟವಾಗಿಯೇ ಹೇಳುತ್ತಾರೆ. ರಟ್ಟಿನ ಮಡಿಕೆಗಳಲ್ಲಿ ಹಣ್ಣಿನ ನೊಣದ ಮರಿಯೋ, ಮಣ್ಣೋ, ಒಣಗಿದ ಎಲೆಯ ಚೂರೋ ಉಳಿದಿರುತ್ತದೆ. ಟೊಮೆಟೊ ಮಾರುಕಟ್ಟೆಯ ಕ್ರೇಟುಗಳಿಗೂ ಇದೇ ಮಾತು. ಅವನ್ನು ಎಷ್ಟೇ ತೊಳೆದರೂ ತಪಾಸಣೆ ಮಾಡುವವರ ಕಣ್ಣಿಗೆ ಅದು ತರಕಾರಿ ಕ್ರೇಟೇ. ಐದು ಪದರದ ಹೊಸ ರಟ್ಟಿನ ಪೆಟ್ಟಿಗೆಗಳನ್ನು ಕೊಂಡುಕೊಳ್ಳಿ. ಇಷ್ಟು ದೂರದ ಪ್ರಯಾಣದಲ್ಲಿ ಪೆಟ್ಟಿಗೆಯ ಖರ್ಚು ಅಂಥ ದೊಡ್ಡದೇನಲ್ಲ.

ಗೋಣಿಚೀಲ ಇನ್ನೂ ಕೆಟ್ಟದ್ದು. ನಮ್ಮ ಕಡೆ ಭಾರದ ಸಾಮಾನು ಎಂದರೆ ಗೋಣಿಯಲ್ಲಿ ಸುತ್ತಿ ಚೀಲದ ದಬ್ಬಣದಲ್ಲಿ ಹೊಲಿದುಬಿಡುತ್ತೇವೆ. ಕಡಲೆಕಾಯಿ, ರಾಗಿ, ಅವರೆ ತುಂಬಿದ್ದ ಗೋಣಿಯ ಎಳೆಗಳ ನಡುವೆ ಒಂದು ಪುಟ್ಟ ಪ್ರಾಣಿ ಅಡಗಿರಬಹುದು. ಅದರ ಹೆಸರು ಖಾಪ್ರಾ ದುಂಬಿ. ದೊಡ್ಡದಾದರೂ ಎರಡು ಮೂರು ಮಿಲಿಮೀಟರ್ ಮೀರುವುದಿಲ್ಲ. ಹಾಳು ಮಾಡುವುದು ಅದರ ಮರಿ. ಮೈತುಂಬ ಕಂದು ರೋಮ. ಈ ಹುಳುವಿನ ಮೂಲ ನಮ್ಮ ಭಾರತ ಉಪಖಂಡವೇ ಎನ್ನುತ್ತಾರೆ. ತಿನ್ನಲು ಕಾಳಿಲ್ಲದಿದ್ದರೂ ಮರಿ ಬಿರುಕಿನೊಳಗೆ ಸುರುಟಿಕೊಂಡು ವರ್ಷಗಟ್ಟಲೆ ಬದುಕಿರಬಲ್ಲದು. ಕೀಟನಾಶಕಕ್ಕೂ ಸುಲಭಕ್ಕೆ ಬಗ್ಗದು. ಗೋಧಿ ಬೆಳೆದು ಜಗತ್ತಿಗೆ ಮಾರುವ ಆಸ್ಟ್ರೇಲಿಯಾದಲ್ಲಿ ಇದು ನೆಲೆಯೂರಿಲ್ಲ. ಆದ್ದರಿಂದ ಅಲ್ಲಿನ ಸಸ್ಯಪೀಡೆಗಳ ಆದ್ಯತೆಯ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದಾರೆ. 2020ರಿಂದ ನಿಯಮ ಇನ್ನಷ್ಟು ಬಿಗಿಯಾಗಿದೆ. ಅಕ್ಕಿ, ಗೋಧಿ, ತೊಗರಿ, ಕಡಲೆ, ಹೆಸರು, ಅಲಸಂದೆ, ಕಡಲೆಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಒಣಮೆಣಸಿನಕಾಯಿ ಮುಂತಾದವನ್ನು ಮನೆ ಸಾಮಾನಿನ ಜೊತೆ ಕಳುಹಿಸುವುದನ್ನು ಎಲ್ಲ ದೇಶಗಳಿಂದಲೂ ನಿಷೇಧಿಸಿದ್ದಾರೆ. ಈ ಪಟ್ಟಿಯನ್ನು ಓದಿದರೆ ನಮ್ಮ ಸಾರಿನ ಪುಡಿಯ ಡಬ್ಬದ ಒಳಗನ್ನೇ ನೋಡಿ ಬರೆದಂತಿದೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಜನ ಸಾಮಾನಿನ ಹೆಸರು ಹಿಡಿದು ಕೇಳುತ್ತಾರೆ: ವೀಣೆ ಹೋಗುತ್ತದೆಯೇ, ಮೊರ ಹೋಗುತ್ತದೆಯೇ ಎಂದು. ಬಹಳಷ್ಟು ಸಾಮಾನು ಹೋಗುತ್ತದೆ. ಅಲ್ಲಿ ಸಿಕ್ಕಿಬೀಳುವುದು ಸಾಮಾನಿಗೆ ಅಂಟಿಕೊಂಡು ಹೋದದ್ದು.

ನಾನು ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದ ಮೂಲಕ ಸಾಮಾನು ಕಳುಹಿಸುತ್ತಿದ್ದ ಕಾಲದಲ್ಲಿ ಶಿಡ್ಲಘಟ್ಟದ ಒಂದು ಮನೆಯವರು ನಲವತ್ತು ಪೆಟ್ಟಿಗೆ ಕಟ್ಟಿಸಿದ್ದರು. ರೇಷ್ಮೆ ಕೆಲಸದ ಮನೆ, ಅಚ್ಚುಕಟ್ಟಿನವರು, ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಚೊಕ್ಕಟ. ಆಸ್ಟ್ರೇಲಿಯಾದ ತಪಾಸಣೆಯಲ್ಲಿ ಮೊದಲು ಬಿಚ್ಚಿದ್ದು ಮದುವೆ ಸೀರೆಗಳ ಪೆಟ್ಟಿಗೆ. ಧಾರೆ ಸೀರೆಯ ಸೆರಗಿನ ಗಂಟಿನಲ್ಲಿ ಅರಿಸಿನದ ಅಕ್ಷತೆ. ಮಡಿಕೆ ಮಡಿಕೆಯಲ್ಲೂ ನುಸಿ ಬಾರದಿರಲೆಂದು ಇಟ್ಟ ಒಣ ಬೇವಿನ ಎಲೆ. ಅಕ್ಷತೆ ಎಂದರೆ ಅಕ್ಕಿ, ಬೇವಿನ ಎಲೆ ಎಂದರೆ ಸಸ್ಯದ ತುಂಡು. ಪೆಟ್ಟಿಗೆಗಳ ಪಟ್ಟಿಯಲ್ಲಿ ಬರೆದದ್ದು ಬರೀ ಬಟ್ಟೆ ಎಂದು. ಒಂದು ಪೆಟ್ಟಿಗೆಯಲ್ಲಿ ಹೀಗೆ ಸಿಕ್ಕ ಮೇಲೆ ಉಳಿದ ಮೂವತ್ತೊಂಬತ್ತನ್ನೂ ಬಿಚ್ಚಿದರು. ಬಿಚ್ಚಿದ್ದಕ್ಕೆ, ಮತ್ತೆ ಕಟ್ಟಿದ್ದಕ್ಕೆ, ತಪಾಸಣೆಯ ಸಮಯಕ್ಕೆ ಎಲ್ಲಕ್ಕೂ ಶುಲ್ಕ. ಆ ಅಮ್ಮ ನನಗೆ ಫೋನ್ ಮಾಡಿ, ಅಷ್ಟು ಮಡಿಯಿಂದ ಕಟ್ಟಿದ್ದೆವಲ್ಲಾ ಎಂದು ಅತ್ತರು. ತಪ್ಪು ನನ್ನದೂ ಹೌದು. ಸೀರೆ ಬಿಡಿಸಿ ಕೊಡವಿ ಎಂದು ನಾನು ಹೇಳಿರಲಿಲ್ಲ.

ಆದ್ದರಿಂದ ನಿಮ್ಮ ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಮಹಡಿಯ ಮೇಲೆ ಕೊಡವಿ, ಹೊಸದಾಗಿ ಮಡಿಸಿ. ಸೆರಗಿನ ಗಂಟು, ರವಿಕೆಯ ಒಳಪಟ್ಟಿ, ಪಂಚೆಯ ಮಡಿಕೆ, ಕೋಟಿನ ಜೇಬು, ಮಗುವಿನ ಕುಲಾವಿ ನೋಡಿ. ಬೇವಿನ ಎಲೆಯ ಬದಲು ನುಸಿಗುಳಿಗೆ ಸಾಕು. ಬೂರುಗದ ಹತ್ತಿಯ ದಿಂಬುಗಳಿದ್ದರೆ ಇಲ್ಲೇ ಬಿಡಿ. ಹತ್ತಿಯ ನಡುವೆ ಬೀಜ ಇದ್ದೇ ಇರುತ್ತದೆ. ದೇವರ ಮನೆಯಿಂದ ಕಳಶದ ತೆಂಗಿನಕಾಯಿ, ನವಧಾನ್ಯ, ದರ್ಭೆ, ಬೆರಣಿ ಯಾವುದೂ ಬೇಡ. ಹಸುವಿನ ಸಗಣಿಯಿಂದ ಆದ ಯಾವ ಪದಾರ್ಥಕ್ಕೂ ಅಲ್ಲಿ ಪ್ರವೇಶವಿಲ್ಲ. ಕುಂಕುಮದ ಭರಣಿ ಹೋಗಲಿ, ಆದರೆ ಅದರ ತಳದಲ್ಲಿ ನಾಲ್ಕು ಅಕ್ಷತೆ ಕಾಳು ಉಳಿದಿದೆಯೇ ಎಂದು ನೋಡಿ. ಪೂಜೆಯ ನವಿಲುಗರಿ ಇದ್ದರೆ ಅದನ್ನೂ ತೆಗೆದಿಡಿ. ಅದನ್ನು ಭಾರತದಿಂದ ಹೊರಗೆ ಕಳುಹಿಸುವಂತಿಲ್ಲ.

ಮರದ ವಿಷಯಕ್ಕೆ ಬರೋಣ. ಹಲಸಿನ ಮಣೆ ನಿಶ್ಚಿಂತೆಯಿಂದ ಕಳುಹಿಸಬಹುದಾದ ಸಾಮಾನು, ಕುಟ್ಟೆ ಹಿಡಿಯದಿದ್ದರೆ. ಪರೀಕ್ಷೆ ಸುಲಭ. ಬಿಳಿ ಕಾಗದ ಹಾಸಿ, ಮಣೆಯನ್ನು ತಲೆಕೆಳಗಾಗಿ ಹಿಡಿದು ಕೈಯಿಂದ ನಾಲ್ಕು ಪೆಟ್ಟು ಕೊಡಿ. ಗೋಧಿ ಹಿಟ್ಟಿನಂಥ ನಯವಾದ ಪುಡಿ ಉದುರಿದರೆ ಒಳಗೆ ಹುಳು ಇದೆ. ಹಳೆಯ ತೂತು ಮಾತ್ರ ಇದ್ದು ಪುಡಿ ಬೀಳದಿದ್ದರೆ, ರಾತ್ರಿಯಿಡೀ ಕಾಗದದ ಮೇಲೆ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಪುಡಿ ಬೀಳುವ ಮಣೆ ಒಂದಿದ್ದರೂ ಅದನ್ನು ಪ್ರತ್ಯೇಕಿಸಿ. ತೊಗಟೆ ಉಳಿದಿರುವ ಮರದ ಸಾಮಾನು ಯಾವುದೂ ಬೇಡ. ಮೊರದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಬಿದಿರಿನ ಹೆಣಿಗೆಯ ಸಂದಿಯಲ್ಲಿ ಹಿಟ್ಟು, ನುಚ್ಚು ಕೂತಿರುತ್ತದೆ, ಬಿದಿರಿಗೆ ಹುಳು ಹಿಡಿಯುವುದೂ ಬೇಗ. ಬಳಸಿದ ಮೊರ ಬೇಡ. ಬಾಗಿನಕ್ಕೆಂದು ತಂದ ಹೊಸ ಮೊರವಿದ್ದರೆ ಬ್ರಷ್ ಹಾಕಿ ಒಣಗಿಸಿ ಕಳುಹಿಸಿ, ಪಟ್ಟಿಯಲ್ಲಿ ಬಿದಿರು ಎಂದೇ ಬರೆಯಿರಿ. ಗೋಡೆಗೆ ನೇತು ಹಾಕಲೆಂದು ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯನ್ನು, ಅಂದರೆ ಹಳೆಯ ಚಂದ್ರಿಕೆಯನ್ನು, ಒಯ್ಯುವ ಹುಚ್ಚು ಈಗಿನ ಮಕ್ಕಳಿಗಿದೆ. ಗೂಡಿನ ನೂಲು, ಹುಳುವಿನ ಹಿಕ್ಕೆ ಅಂಟಿದ ಚಂದ್ರಿಕೆ ಕ್ವಾರಂಟೈನಿನವರ ಕೈಗೆ ಸಿಕ್ಕರೆ ಅವರಿಗೆ ಒಂದು ದಿನದ ಕೆಲಸ.

ಫ್ಯೂಮಿಗೇಶನ್ ಬಗ್ಗೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಎಲ್ಲಕ್ಕೂ ಒಟ್ಟಿಗೆ ಮಾಡಿಸಬೇಡಿ. ಮೀಥೈಲ್ ಬ್ರೋಮೈಡ್ ಎಂಬ ಅನಿಲವನ್ನು ಮುಚ್ಚಿದ ಜಾಗದಲ್ಲಿ ತುಂಬಿ ಇಪ್ಪತ್ನಾಲ್ಕು ಗಂಟೆಯೋ, ಖಾಪ್ರಾದಂಥ ಹುಳುವಿಗಾದರೆ ಇನ್ನೂ ಹೆಚ್ಚು ಹೊತ್ತೋ ಬಿಡುತ್ತಾರೆ. ಓಝೋನ್ ಪದರಕ್ಕೆ ಕೇಡೆಂದು ಮಾಂಟ್ರಿಯಲ್ ಒಪ್ಪಂದದಡಿ ಬೇರೆ ಬಳಕೆಗಳಿಂದ ಕೈಬಿಡುತ್ತ ಬಂದು, ಕ್ವಾರಂಟೈನ್ ಕೆಲಸಕ್ಕೆ ಮಾತ್ರ ವಿನಾಯಿತಿ ಉಳಿಸಿಕೊಂಡಿರುವ ಅನಿಲ ಅದು. ಹುಳುವನ್ನು ಕೊಲ್ಲುತ್ತದೆ, ನಿಜ. ಆದರೆ ಮಣ್ಣನ್ನು ತೆಗೆಯುವುದಿಲ್ಲ, ನಿಷೇಧಿತ ಕಾಳನ್ನು ಒಪ್ಪಿತವಾಗಿಸುವುದಿಲ್ಲ. ರಬ್ಬರ್, ಫೋಮ್ ಹಾಸಿಗೆ, ಉಣ್ಣೆ, ಚರ್ಮ ಇವಕ್ಕೆ ತಗುಲಿದರೆ ಬಿಡದ ದುರ್ವಾಸನೆ ಹತ್ತಬಹುದು. ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆಯೊಳಕ್ಕೆ ಅನಿಲ ಸರಿಯಾಗಿ ಇಳಿಯುವುದಿಲ್ಲ. ಎಲ್ಲ ಕಡೆ ಗಟ್ಟಿ ವಾರ್ನಿಷ್ ಬಳಿದ ಮರಕ್ಕೂ ಅಷ್ಟೇ. ಇನ್ನೊಂದು ತೊಡಕು: ಅನಿಲ ಹಾಕಿದ ಸಂಸ್ಥೆಯನ್ನು ಆಸ್ಟ್ರೇಲಿಯಾ ಒಪ್ಪಿರದಿದ್ದರೆ ಅದು ಕೊಟ್ಟ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿಲ್ಲ, ಮತ್ತೊಮ್ಮೆ ದುಡ್ಡು ಕೊಟ್ಟು ಅಲ್ಲಿ ಮಾಡಿಸಬೇಕು. ಅಲ್ಲಿನ ಕೃಷಿ ಇಲಾಖೆ ತಾನು ಒಪ್ಪಿದ ಮತ್ತು ಒಪ್ಪದ ಸಂಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ನಿಮ್ಮ ಏಜೆಂಟರು ಹೇಳುವ ಹೆಸರು ಅದರಲ್ಲಿದೆಯೇ ಎಂದು ಅಳಿಯಂದಿರು ನೋಡಲಿ. ಪುಡಿ ಉದುರಿಸುವ ಮಣೆಯೊಂದು ಬಿಟ್ಟಿರಲಾರದಷ್ಟು ಪ್ರೀತಿಯದಾಗಿದ್ದರೆ ಅದಕ್ಕೆ ಮಾತ್ರ ಮಾಡಿಸಿ.

ರಾಗಿಕಲ್ಲು! ಇದನ್ನು ಓದಿ ನಾನು ನಕ್ಕೆ, ಆಮೇಲೆ ಖುಷಿಯೂ ಆಯಿತು. ಹಂಚಿಕೊಂಡ ಕಂಟೇನರಿನಲ್ಲಿ ಬಾಡಿಗೆಯ ಲೆಕ್ಕ ಸಾಮಾನ್ಯವಾಗಿ ಘನಮೀಟರಿನ ಮೇಲೆ. ವಿಮಾನದಲ್ಲಿ ಚಿನ್ನದ ಬೆಲೆಯಾಗುವ ಕಲ್ಲು ಹಡಗಿನಲ್ಲಿ ಒಂದು ಮಿಕ್ಸಿ ಪೆಟ್ಟಿಗೆಯಷ್ಟೇ ಜಾಗ ಹಿಡಿಯುತ್ತದೆ. ಕಲ್ಲಿಗೆ ಆಕ್ಷೇಪವಿಲ್ಲ. ಆದರೆ ಮೇಲಿನ ಕಲ್ಲು ಎತ್ತಿ, ನಡುವಿನ ಗೂಟದ ತೂತು, ಉಳಿ ಹಾಕಿದ ಗೀರುಗಳಿಂದ ಹಳೆಯ ಹಿಟ್ಟನ್ನು ತಂತಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಬಿಸಿನೀರಿನಲ್ಲಿ ತೊಳೆದು ಮೂರು ನಾಲ್ಕು ದಿನ ಬಿಸಿಲಿಗಿಡಿ. ಹಿತ್ತಿಲಿನಲ್ಲಿದ್ದ ಕಲ್ಲಾದರೆ ತಳದ ಮಣ್ಣು ಮುಖ್ಯ. ಮರದ ಗೂಟ ಮತ್ತು ಹಿಡಿಗೆ ಕುಟ್ಟೆಯ ಪರೀಕ್ಷೆ ಮಾಡಿ. ಅನುಮಾನ ಬಂದರೆ ಅವನ್ನು ಇಲ್ಲೇ ಉಳಿಸಿಕೊಳ್ಳಿ, ಗೂಟವನ್ನು ಅಲ್ಲಿ ಯಾವ ಬಡಗಿಯಾದರೂ ಕಡೆದುಕೊಡುತ್ತಾನೆ.

ಕಲ್ಲಿಗಿಂತ ಕಲ್ಲಿನ ಪೆಟ್ಟಿಗೆ ಕಷ್ಟ. ನಮ್ಮೂರ ಬಡಗಿಗೆ ಹೇಳಿದರೆ ನೀಲಗಿರಿಯ ಹಸಿ ಹಲಗೆ ಹೊಡೆದು, ಅಂಚಿನಲ್ಲಿ ತೊಗಟೆ ಬಿಟ್ಟು, ಸಂಜೆಗೆ ಪೆಟ್ಟಿಗೆ ಸಿದ್ಧ ಮಾಡಿಬಿಡುತ್ತಾನೆ. ಅದು ದಾಟುವುದಿಲ್ಲ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳಿಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಹಲಗೆಯ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಿ, ಕನಿಷ್ಠ 30 ನಿಮಿಷ ನಿಲ್ಲಬೇಕು, ಅಥವಾ ಒಪ್ಪಿತ ಅನಿಲದ ಉಪಚಾರ ಆಗಿರಬೇಕು. ಹಾಗೆ ಮಾಡಿದ ಅಧಿಕೃತ ಘಟಕ ಹಲಗೆಯ ಮೇಲೆ ತೆನೆಯ ಚಿತ್ರ, ಭಾರತದ ಸಂಕೇತಾಕ್ಷರ, ತನ್ನ ಸಂಖ್ಯೆ ಇರುವ ಮುದ್ರೆ ಒತ್ತುತ್ತದೆ. ಮುದ್ರೆ ಹಲಗೆಯ ಮೇಲಿರಬೇಕು, ಕಾಗದದ ಮೇಲಿದ್ದರೆ ಸಾಲದು. ಪ್ಲೈವುಡ್ ಈ ನಿಯಮದ ಹೊರಗಿದೆ. ಆದರೂ ಅಡಿಯ ಪಟ್ಟಿಗಳಿಗೆ ಬಡಗಿ ಸಾದಾ ಮರ ಹೊಡೆದುಬಿಟ್ಟರೆ ಆ ಪಟ್ಟಿಗಳಿಗೆ ಮುದ್ರೆ ಬೇಕೇಬೇಕು. ಸಂದಿಯಲ್ಲಿ ರಾಗಿಹುಲ್ಲು ತುರುಕುವುದು ನಮ್ಮ ಹಳೆಯ ರೂಢಿ. ಹುಲ್ಲು ಖಂಡಿತ ಬೇಡ, ಥರ್ಮೊಕೋಲ್ ಅಥವಾ ಗುಳ್ಳೆ ಪ್ಲಾಸ್ಟಿಕ್ ಹಾಕಿ.

ವೀಣೆಯ ಕೊಡ ಹಲಸಿನದು, ಬುರುಡೆ ಸೋರೆಯದೋ ಫೈಬರಿನದೋ ನೋಡಿ. ಸೋರೆ ಬುರುಡೆಯಾದರೆ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ಬೀಜ, ಹುಳು ಏನೂ ಇಲ್ಲವೆಂದು ಖಚಿತ ಮಾಡಿಕೊಂಡು, ತಪಾಸಣೆಗೆ ಬಿಚ್ಚಲು ಬರುವಂತೆ ಕಟ್ಟಿ. ಹಳೆಯ ವೀಣೆಗಳ ಅಂಚಿನ ಬಿಳಿಯ ಕೆತ್ತನೆ ಜಿಂಕೆಯ ಕೊಂಬಿನದೋ ದಂತದ್ದೋ ಆಗಿದ್ದರೆ ಅದು ವನ್ಯಜೀವಿ ಕಾಯ್ದೆಯ ವಿಷಯ, ಹಾಗಾದರೆ ವೀಣೆ ಅಲುಗಾಡುವಂತಿಲ್ಲ. ಈಚಿನ ವಾದ್ಯಗಳಲ್ಲಿ ಅದು ಪ್ಲಾಸ್ಟಿಕ್.

ದೀಪದ ಕಂಬದ ತೊಂದರೆ ಮೆಲ್ಬರ್ನ್‌ನದಲ್ಲ, ನಮ್ಮ ಕಡೆಯದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿಗಳಿಗೆ ಈ ಗಡಿ ಎಪ್ಪತ್ತೈದು ವರ್ಷ; ಮನೆಯಲ್ಲಿ ಓಲೆಗರಿ ಇದ್ದರೆ ಅದೂ ಸೇರಿತು. ನೂರು ವರ್ಷದ್ದೆಂದು ನೀವು ಹೆಮ್ಮೆಯಿಂದ ಹೇಳಿಕೊಳ್ಳುವ ದೀಪದ ವಯಸ್ಸು ನಿಜವಾಗಿ ಎಪ್ಪತ್ತೇ ಇರಬಹುದು. ಮನೆಯವರ ಲೆಕ್ಕದಲ್ಲಿ ಎಲ್ಲ ಹಿತ್ತಾಳೆಗೂ ನೂರು ತುಂಬಿರುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಫೋಟೊ ಸಹಿತ ಅರ್ಜಿ ಕೊಟ್ಟು, ತಜ್ಞರು ನೋಡಿ ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಕೊಟ್ಟರೆ ದೀಪ ಹೋಗಬಹುದು. ಎರಡು ತಿಂಗಳಿದೆಯಲ್ಲಾ, ಅರ್ಜಿ ಈ ವಾರವೇ ಹೋಗಲಿ. ಇನ್ನು ದೇವರ ಮನೆಯ ಗಂಧದ ಕೊರಡು: ಕೆತ್ತಿ ಮುಗಿಸಿದ ಕರಕುಶಲ ವಸ್ತುವಲ್ಲದ ಶ್ರೀಗಂಧದ ತುಂಡಿನ ರಫ್ತಿಗೆ ನಿಷೇಧವಿದೆ. ಸಾಣೆಕಲ್ಲು ಹೋಗಲಿ, ಕೊರಡು ಇರಲಿ.

ತಿಂಡಿ ತಿನಿಸಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಹಡಗಿನ ಪೆಟ್ಟಿಗೆಯಲ್ಲಿ ಬಾಯಿಗೆ ಹಾಕುವ ಪದಾರ್ಥ ಯಾವುದೂ ಬೇಡ. ಹುಣಸೆಹಣ್ಣಿನಲ್ಲಿ ಬೀಜ ಇರುತ್ತದೆ, ಸಾರಿನ ಪುಡಿಯ ಕತೆ ಆಗಲೇ ಹೇಳಿದೆ, ರಾಗಿಹಿಟ್ಟು ಮೆಲ್ಬರ್ನ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಮಗಳು ಕೈಚೀಲದಲ್ಲಿ ಏನಾದರೂ ಒಯ್ಯುವುದಾದರೆ ಅಲ್ಲಿನ ಇಲಾಖೆಯ ಬೈಕಾನ್ ಎಂಬ ಜಾಲತಾಣದಲ್ಲಿ ಆ ಪದಾರ್ಥದ ಹೆಸರು ಹಾಕಿ ನಿಯಮ ನೋಡಿಕೊಂಡು, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಹೌದು ಎಂದು ಗುರುತು ಹಾಕಲಿ. ಇದೆಯೆಂದು ಹೇಳಿದವರದ್ದನ್ನು ಬೇಡವೆಂದರೆ ತೆಗೆದು ಬಿಸಾಡುತ್ತಾರೆ, ಅಷ್ಟೇ. ಇಲ್ಲವೆಂದು ಬರೆದು ಸಿಕ್ಕಿಬಿದ್ದವರಿಗೆ ದಂಡ. ವೀಸಾ ರದ್ದಾದದ್ದೂ ಉಂಟು.

ಬಳಸಿದ ಚಪ್ಪಲಿ, ಬೂಟುಗಳನ್ನು ಮರೆಯಬೇಡಿ. ಅಳಿಯಂದಿರು ನಂದಿಬೆಟ್ಟ ಹತ್ತಿದ ಬೂಟು, ಕ್ರಿಕೆಟ್ ಆಡಿದ ಮೊಳೆ ಬೂಟು, ಮಗುವಿನ ಸೈಕಲ್ಲಿನ ಚಕ್ರ, ತೋಟದ ಕುಡುಗೋಲು ಇವೆಲ್ಲದರ ಸಂದಿಯಲ್ಲಿರುವ ಕೆಂಪುಮಣ್ಣನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ದೂಳಿನ ಚೀಲ ಖಾಲಿ ಮಾಡಿ. ಮಿಕ್ಸಿ, ಗ್ರೈಂಡರ್ ಕಳುಹಿಸಬಹುದು. ಅಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಗ್ರೈಂಡರಿನ ಕಲ್ಲಿನ ಕೆಳಗೆ ಒಣಗಿದ ದೋಸೆ ಹಿಟ್ಟಿನ ಬಳೆಯೊಂದು ಇರುತ್ತದೆ, ಅದನ್ನು ನೋಡಿ.

ಕಾಗದಪತ್ರದಲ್ಲಿ ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಮಗಳು, ಅಳಿಯ ಹನ್ನೆರಡು ತಿಂಗಳು ಅಥವಾ ಹೆಚ್ಚು ಕಾಲ ತಮ್ಮದಾಗಿಟ್ಟುಕೊಂಡು ಬಳಸಿದ ಸಾಮಾನಿಗೆ ಅಲ್ಲಿ ಸುಂಕವಿಲ್ಲ. ಹೊರಡುವ ಮುನ್ನ ಕೊಂಡ ಹೊಸ ಕುಕ್ಕರ್, ಹೊಸ ಟಿವಿಗೆ ಸುಂಕ, ತೆರಿಗೆ ಕೇಳಬಹುದು. ಮದ್ಯ, ತಂಬಾಕಿಗೆ ಈ ರಿಯಾಯಿತಿಯೇ ಇಲ್ಲ. ಜೊತೆಯಲ್ಲಿ ಬಾರದ ವೈಯಕ್ತಿಕ ಸಾಮಾನಿನ ಹೇಳಿಕೆ ಎಂಬ ನಮೂನೆಯನ್ನು ಪಾಸ್‌ಪೋರ್ಟ್ ಪ್ರತಿಯೊಂದಿಗೆ ಕೊಡಬೇಕು. ಅದರಲ್ಲಿ ಮರ, ಬಿದಿರು, ಮಣ್ಣು ತಗುಲಿದ ಸಾಮಾನು, ಪ್ರಾಣಿ ಮೂಲದ ಸಾಮಾನು ಇದೆಯೇ ಎಂಬ ಪ್ರಶ್ನೆಗಳಿರುತ್ತವೆ. ಇದ್ದದ್ದಕ್ಕೆ ಇದೆ ಎನ್ನಲಿ.

ಎರಡನೆಯದು ಪೆಟ್ಟಿಗೆಗಳ ಪಟ್ಟಿ. ಶಿಡ್ಲಘಟ್ಟದವರು ಎಡವಿದ್ದು ಅರ್ಧ ಇಲ್ಲೇ. ಅಡುಗೆ ಸಾಮಾನು, ಇತರೆ ಎಂದು ಬರೆದ ಪೆಟ್ಟಿಗೆ ಬಿಚ್ಚಿಸಿಕೊಳ್ಳಲೆಂದೇ ಹೋಗುತ್ತದೆ. ಹನ್ನೊಂದನೆಯ ಪೆಟ್ಟಿಗೆ: ಸ್ಟೀಲ್ ಪಾತ್ರೆ 14, ಇಡ್ಲಿ ಸ್ಟ್ಯಾಂಡ್ 1, ಹಿತ್ತಾಳೆ ಚೊಂಬು 2, ಎಲ್ಲ ಬಳಸಿದ್ದು. ಹೀಗಿರಬೇಕು, ಇಂಗ್ಲಿಷಿನಲ್ಲಿರಬೇಕು. ಮೊರ, ಮಣೆ, ರಾಗಿಕಲ್ಲು ಎಂಬ ಹೆಸರುಗಳ ಮುಂದೆ ಅವು ಏನು, ಯಾವುದರಿಂದ ಮಾಡಿದವು ಎಂದು ಬರೆಯಿರಿ. ಮಣೆ, ಮೊರ, ವೀಣೆ, ಬೂಟುಗಳನ್ನು ಎಲ್ಲ ಪೆಟ್ಟಿಗೆಗಳಲ್ಲಿ ಹರಡದೆ ಮೂರು ನಾಲ್ಕರಲ್ಲಿ ಒಟ್ಟುಗೂಡಿಸಿ. ಆಗ ಅವರು ನೋಡಬೇಕಾದ್ದನ್ನು ಬಿಚ್ಚಿ ನೋಡಿ ಉಳಿದದ್ದನ್ನು ಬಿಡುವ ಸಾಧ್ಯತೆ ಹೆಚ್ಚು. ಆಕ್ಷೇಪ ಬಂದ ಸಾಮಾನಿಗೆ ಸಾಮಾನ್ಯವಾಗಿ ಮೂರು ದಾರಿ: ಶುದ್ಧಿ ಅಥವಾ ಉಪಚಾರ, ವಾಪಸು ಕಳುಹಿಸುವುದು, ನಾಶ. ಮೂರರ ಖರ್ಚೂ ನಿಮ್ಮ ಮಕ್ಕಳದೇ.

ಕಟ್ಟುವ ಕೆಲಸವನ್ನು ಅಡುಗೆ ಮನೆಯಲ್ಲಾಗಲಿ, ರಾಗಿ ಮೂಟೆ ಇಟ್ಟ ಕೋಣೆಯಲ್ಲಾಗಲಿ ಮಾಡಬೇಡಿ. ಗುಡಿಸಿ ಒರೆಸಿದ ಮಹಡಿಯ ಕೋಣೆಯಲ್ಲಿ, ಹಗಲಿನಲ್ಲಿ ಕಟ್ಟಿ. ರಾತ್ರಿ ದೀಪ ಹಾಕಿಕೊಂಡು ಕಿಟಕಿ ತೆರೆದರೆ ಹಾರುವ ಹುಳು ಬಂದು ತೆರೆದ ಪೆಟ್ಟಿಗೆಯಲ್ಲಿ ಕೂರುತ್ತವೆ. ಪುಸ್ತಕಗಳಿಗೆ ಚಿಕ್ಕ ಪೆಟ್ಟಿಗೆ, ತಟ್ಟೆಗಳು ನಿಂತಂತೆ, ಪ್ರತಿ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ. ಸಮುದ್ರದ ದಾರಿಯಲ್ಲಿ ಕಂಟೇನರಿನ ಒಳಗೋಡೆ ಬೆವರಿ ಹನಿ ತೊಟ್ಟಿಕ್ಕುತ್ತದೆ. ಮನೆಯವರೇ ಕಟ್ಟಿದ ಪೆಟ್ಟಿಗೆಯಲ್ಲಿ ಒಡೆದದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಗಾಜು, ವೀಣೆ ಇವೆರಡನ್ನು ಕಂಪನಿಯ ಕೆಲಸಗಾರರ ಕೈಯಲ್ಲಿ, ನಿಮ್ಮ ಕಣ್ಣೆದುರು ಕಟ್ಟಿಸಿ. ಅವರು ತರುವ ಪೆಟ್ಟಿಗೆಗಳೂ ಹೊಸವೇ ಎಂದು ನೋಡಿ. ಬೇರೆಲ್ಲಿಯದೋ ಹಳೆಯ ಪೆಟ್ಟಿಗೆಯನ್ನು ತಿರುವಿ ಹಾಕುವವರೂ ಇದ್ದಾರೆ. ಯಜಮಾನರ ಮಾವಿನ ಪೆಟ್ಟಿಗೆಗಳನ್ನು ಅಂದು ಮಹಡಿಗೆ ಹತ್ತಲು ಬಿಡಬೇಡಿ. ಬರುವ ಹಂಗಾಮಿಗೆ ಬೆಂಗಳೂರಿನ ನೆಂಟರಿಗೆ ಮಾವು ಕಳುಹಿಸಲು ಅವು ಬೇಕಾಗುತ್ತವೆ.